ಹಳೇ ಸೌಂಡ್‌ಗೆ ಕಾದವರು: ಮೆಟಾಲಿಕಾ, 2008ರ ಒಂದು ಆಲ್ಬಂ ಮತ್ತು ರಾಯಚೂರಿನ ಒಂದು ಎಂಪಿ3 ಸಿಡಿ

ವಿಡಿಯೋ ನೋಡಿದವರಿಗೆ ಇದು ಅದರದೇ ಬರಹ ರೂಪ. ಮಾತಲ್ಲಿ ಎಡವಿದ ಕಡೆ ಸರಿ ಮಾಡಿದ್ದೀನಿ, ವಿಡಿಯೋದಲ್ಲಿ ಬಿಟ್ಟುಹೋಗಿದ್ದ ಎರಡು ವಿಷಯ ಸೇರಿಸಿದ್ದೀನಿ. ಹಿಂದೆ ಮೆಟ್ರೋ ರೈಲಿನ ಸದ್ದು ಬರ್ತಿತ್ತು ಅಂತ ಕೆಲವರು ಹೇಳಿದ್ರಿ. ಉಪ್ಪಲ್‌ನಲ್ಲಿ ನಮ್ಮ ಮನೆ ಕಿಟಕಿ ಅಷ್ಟು ಹತ್ತಿರ, ಏನೂ ಮಾಡೋಕಾಗಲ್ಲ.

ಈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಶಾಸನ, ಕೋಟೆ, ನಿಜಾಮರ ಕಾಲದ ರೈಲು ಅಂತ ಮಾತಾಡೋನು ಈ ಸಲ ಹೆವಿ ಮೆಟಲ್ ಹಿಡಿದಿದ್ದಾನಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೆ ಇದೂ ಇತಿಹಾಸವೇ. ಒಂದು ಬ್ಯಾಂಡ್ ಹಳೆಯದಾಗುತ್ತೆ, ಅದರ ಅಭಿಮಾನಿಗಳೂ ಹಳಬರಾಗ್ತಾರೆ, ಆಮೇಲೆ ಪ್ರತಿ ಹೊಸ ಆಲ್ಬಂಗೂ ಮುಂಚೆ ಒಂದೇ ಮಾತು: 'ಈ ಸಲ ಹಳೇ ಸೌಂಡ್‌ಗೆ ವಾಪಸ್ ಬರ್ತಾರಂತೆ.' ನಮ್ಮಲ್ಲೂ ಇದೆ ಇದು. 1987ರ 'ಪ್ರೇಮಲೋಕ' ಕೇಳಿ ಬೆಳೆದವರು ಹಂಸಲೇಖ ಅವರ ಪ್ರತಿ ಹೊಸ ಹಾಡಲ್ಲೂ ಆ ಹಂಸಲೇಖರನ್ನೇ ಹುಡುಕ್ತಾರೆ. ಸಿಗದಿದ್ದಾಗ ತಪ್ಪು ಸಂಗೀತಗಾರನದು ಅಂದುಕೊಳ್ತಾರೆ. ನಾನೂ ಹಾಗೇ ಅಂದುಕೊಂಡವನು, ಮೆಟಾಲಿಕಾ ವಿಷಯದಲ್ಲಿ.

ಮೊದಲು ಸ್ವಲ್ಪ ಹಿನ್ನೆಲೆ. ಮೆಟಾಲಿಕಾ ಶುರುವಾಗಿದ್ದು 1981ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಡ್ರಮ್ಸ್‌ನ ಲಾರ್ಸ್ ಉಲ್ರಿಕ್ ಡೆನ್ಮಾರ್ಕ್‌ನಿಂದ ಬಂದ ಹುಡುಗ, ಗಿಟಾರ್ ಮತ್ತು ಹಾಡು ಜೇಮ್ಸ್ ಹೆಟ್‌ಫೀಲ್ಡ್. 1982ರಲ್ಲಿ 'ನೋ ಲೈಫ್ ಟಿಲ್ ಲೆದರ್' ಅನ್ನೋ ಡೆಮೊ ಕ್ಯಾಸೆಟ್ ಮಾಡಿದರು. ಅದು ಅಂಗಡಿಯಲ್ಲಿ ಮಾರಾಟವಾದದ್ದಲ್ಲ. ಒಬ್ಬ ಇನ್ನೊಬ್ಬನಿಗೆ ಕಾಪಿ ಮಾಡಿ ಅಂಚೆಯಲ್ಲಿ ಕಳಿಸೋದು, ಅವನು ಮತ್ತೊಬ್ಬನಿಗೆ ಕಳಿಸೋದು. ಟೇಪ್ ಟ್ರೇಡಿಂಗ್ ಅಂತಾರೆ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಕಾಪಿ ಆದಷ್ಟೂ ಹಿಸ್ ಜಾಸ್ತಿಯಾಗುತ್ತೆ, ಮೇಲಿನ ಸ್ವರಗಳು ಮಂಕಾಗುತ್ತವೆ. ಅಂದರೆ ಈ ಬ್ಯಾಂಡಿನ ಮೊಟ್ಟಮೊದಲ ಅಭಿಮಾನಿಗಳಲ್ಲಿ ಎಷ್ಟೋ ಜನ ಕೇಳಿದ್ದು ನಾಲ್ಕನೇ ಕೈ, ಐದನೇ ಕೈ ಸೌಂಡ್. ಇದನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1983ರಲ್ಲಿ 'ಕಿಲ್ ಎಮ್ ಆಲ್' ಬಂತು. ವೇಗ, ಕೋಪ, ಅಷ್ಟೇ. 1984ರಲ್ಲಿ 'ರೈಡ್ ದ ಲೈಟ್ನಿಂಗ್'. ಅದರಲ್ಲಿ 'ಫೇಡ್ ಟು ಬ್ಲ್ಯಾಕ್' ಅಂತ ಒಂದು ಹಾಡು ಅಕೌಸ್ಟಿಕ್ ಗಿಟಾರಿನಿಂದ ನಿಧಾನವಾಗಿ ಶುರುವಾಗುತ್ತೆ. ಅದಕ್ಕೇ ಅಂದಿನ ಅಭಿಮಾನಿಗಳಲ್ಲಿ ಕೆಲವರು ಇವರು ಮಾರಿಕೊಂಡುಬಿಟ್ಟರು ಅಂದರು! ನೋಡಿ, ಎರಡನೇ ಆಲ್ಬಂ ಅಷ್ಟೇ. ಮೊದಲ ಆಲ್ಬಂಗೂ ಇದಕ್ಕೂ ಒಂದು ವರ್ಷದ ಅಂತರ. 'ಮೊದಲಿನ ಹಾಗಿಲ್ಲ' ಅನ್ನೋ ದೂರು 1991ರ ಬ್ಲ್ಯಾಕ್ ಆಲ್ಬಂನಿಂದ ಶುರುವಾಯ್ತು ಅಂತ ಎಲ್ಲರೂ ಹೇಳ್ತಾರೆ. ಅಲ್ಲ, ಅದು ಬ್ಯಾಂಡಿನಷ್ಟೇ ಹಳೆಯದು.

1986ರ 'ಮಾಸ್ಟರ್ ಆಫ್ ಪಪೆಟ್ಸ್' ಅವರ ಶಿಖರ ಅಂತ ಬಹಳ ಜನರ ಅಭಿಪ್ರಾಯ, ನನ್ನದೂ. ಕೋಪನ್‌ಹೇಗನ್‌ನ ಸ್ವೀಟ್ ಸೈಲೆನ್ಸ್ ಸ್ಟುಡಿಯೋದಲ್ಲಿ ಫ್ಲೆಮಿಂಗ್ ರಾಸ್ಮುಸೆನ್ ಜೊತೆ ರೆಕಾರ್ಡ್ ಮಾಡಿದ್ದು. ಅದೇ ವರ್ಷ ಸೆಪ್ಟೆಂಬರ್ 27ರಂದು ಸ್ವೀಡನ್‌ನಲ್ಲಿ ಬಸ್ಸು ಮಗುಚಿ ಬೇಸ್ ಗಿಟಾರಿನ ಕ್ಲಿಫ್ ಬರ್ಟನ್ ತೀರಿಕೊಂಡರು. 24 ವರ್ಷ. 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಹೊಸ ಬೇಸಿಸ್ಟ್ ಜೇಸನ್ ನ್ಯೂಸ್ಟೆಡ್ ನುಡಿಸಿದ್ದಾರೆ, ಆದರೆ ಮಿಕ್ಸ್‌ನಲ್ಲಿ ಬೇಸ್ ಕೇಳಿಸೋದೇ ಇಲ್ಲ. ಮಜಾ ಏನಂದ್ರೆ 'ಹಳೇ ಸೌಂಡ್ ಬೇಕು' ಅನ್ನೋರು ಕೇಳೋ ಹಳೇ ಸೌಂಡ್‌ನಲ್ಲಿ ಇದೂ ಸೇರಿದೆ.

ಆಮೇಲಿನದು ಬೇಗ ಹೇಳಿ ಮುಗಿಸ್ತೀನಿ. 1991ರ ಬ್ಲ್ಯಾಕ್ ಆಲ್ಬಂಗೆ ನಿರ್ಮಾಪಕ ಬಾಬ್ ರಾಕ್. ಹಾಡುಗಳು ಚಿಕ್ಕವಾದವು, ನಿಧಾನವಾದವು, ಅಮೆರಿಕ ಒಂದರಲ್ಲೇ 1.6 ಕೋಟಿಗೂ ಹೆಚ್ಚು ಮಾರಾಟ. 1996ರಲ್ಲಿ 'ಲೋಡ್', ಕೂದಲು ಕತ್ತರಿಸಿಕೊಂಡರು, ಅದೂ ಒಂದು ದೊಡ್ಡ ಜಗಳವಾಯ್ತು. 2000ದಲ್ಲಿ ನ್ಯಾಪ್‌ಸ್ಟರ್ ಮೇಲೆ ಕೇಸು ಹಾಕಿ, ತಮ್ಮ ಹಾಡು ಹಂಚಿಕೊಂಡ ಮೂರು ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿ ಕೊಟ್ಟರು. ಟೇಪ್ ಕಾಪಿಯಿಂದ ಬೆಳೆದ ಬ್ಯಾಂಡ್ ಕಾಪಿ ಮಾಡಿದವರ ಮೇಲೇ ಹೋದದ್ದು ಅಭಿಮಾನಿಗಳಿಗೆ ನುಂಗಲಾಗದ ತುತ್ತು. 2003ರಲ್ಲಿ 'ಸೇಂಟ್ ಆ್ಯಂಗರ್'. ಗಿಟಾರ್ ಸೋಲೋ ಒಂದೂ ಇಲ್ಲ, ಸ್ನೇರ್ ಡ್ರಮ್ ಖಾಲಿ ಡಬ್ಬಾ ಬಡಿದ ಹಾಗೆ. ತಳದ ತಂತಿ ಸಡಿಲ ಬಿಟ್ಟು ನುಡಿಸಿದ್ದು ಬೇಕಂತಲೇ, ಆದರೂ ಡಬ್ಬಾ ಡಬ್ಬಾನೇ.

ಈಗ ನಮ್ಮ ಕಡೆ ಬರೋಣ.

ನಾನು ರಾಯಚೂರಿನವನು. ನನ್ನ ದೊಡ್ಡಪ್ಪನ ಮಗ, ನಮ್ಮಣ್ಣ, ಐಟಿಐ ಮುಗಿಸಿ ಉಪ್ಪಲ್ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯ ಪ್ರೆಸ್ ಶಾಪ್‌ನಲ್ಲಿ ಕೆಲಸಕ್ಕೆ ಸೇರಿದ್ದ. 2003ರ ದಸರಾ ರಜೆಗೆ ಊರಿಗೆ ಬಂದಾಗ ಹೈದರಾಬಾದಿನ ಕೋಠಿಯಿಂದ ಒಂದು ಎಂಪಿ3 ಸಿಡಿ ತಂದುಕೊಟ್ಟ. ಮಾರ್ಕರ್ ಪೆನ್ನಲ್ಲಿ 'ಮೆಟಾಲಿಕಾ ಆಲ್' ಅಂತ ಬರೆದಿತ್ತು. ಎಲ್ಲಾ ಆಲ್ಬಂ ಒಂದೇ ಸಿಡಿಯಲ್ಲಿ, ಒಂದೇ ಫೋಲ್ಡರಲ್ಲಿ, ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ. ಹಾಗಾಗಿ ನಾನು ಮೆಟಾಲಿಕಾ ಕೇಳಿದ್ದು 1983, 84, 86 ಅನ್ನೋ ಕ್ರಮದಲ್ಲಲ್ಲ. 1991ರ ಹಾಡಿನ ಪಕ್ಕ 1983ರದ್ದು, ಅದರ ಪಕ್ಕ 1996ರದ್ದು. ಅದರಲ್ಲಿ ನಾಲ್ಕೈದು ಹಾಡು ಬೇರೆ ಯಾವುದೋ ಬ್ಯಾಂಡಿನವು, ಹೆಸರು ಮಾತ್ರ ಇವರದು. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಮನೆಯಲ್ಲಿ ಹಚ್ಚಿದಾಗ ಅಮ್ಮ ಅಡುಗೆಮನೆಯಿಂದ, "ಏನ್ ಹಚ್ಚೀಯೋ ಅದು, ಮಿಕ್ಸಿ ಕೆಟ್ಟ್ಹಂಗ ಆಗ್ಯಾದ" ಅಂತಿದ್ದಳು. ಅಣ್ಣ ಮಾತ್ರ ಒಂದೊಂದು ಹಾಡಿಗೂ ಯಾವ ಕಾಲದ್ದು ಅಂತ ಹೇಳ್ತಿದ್ದ: "ಇದು ಹಳೇದು ನೋಡು, ಇದು ಖರೇ ಮೆಟಾಲಿಕಾ." ಇಂಗ್ಲಿಷ್ ಪತ್ರಿಕೆಗಳಲ್ಲಿ, ಸೈಬರ್ ಕೆಫೆಯಲ್ಲಿ ಓದಿ ಅವನು ಈ ವಿಂಗಡಣೆ ಕಲಿತಿದ್ದ. ನಾನು ಅವನಿಂದ ಕಲಿತೆ. ನಾನು ಹುಟ್ಟಿದ್ದೇ 1988ರಲ್ಲಿ. ನಾನಿಲ್ಲದ ಕಾಲದ ಸೌಂಡ್‌ಗೆ ಇವರು ಯಾವಾಗ ವಾಪಸ್ ಬರ್ತಾರೆ ಅಂತ ನಾನೂ ಕಾಯೋಕೆ ಶುರು ಮಾಡಿದೆ!

ನಮ್ಮ ಕಡೆಯ ಬಹುಪಾಲು ಕೇಳುಗರ ಕಥೆ ಇದೇ ಅಂತ ನನ್ನ ಲೆಕ್ಕ. 1991ರಲ್ಲಿ ಸ್ಟಾರ್ ಟಿವಿ ಜೊತೆ ಎಂಟಿವಿ ಭಾರತಕ್ಕೆ ಬಂತು, ಬ್ಲ್ಯಾಕ್ ಆಲ್ಬಂ ಬಂದ ವರ್ಷವೂ ಅದೇ. ನಮ್ಮಲ್ಲಿ ಅನೇಕರಿಗೆ ಮೊದಲು ಸಿಕ್ಕಿದ್ದು 'ಎಂಟರ್ ಸ್ಯಾಂಡ್‌ಮನ್'. ಅಲ್ಲಿಂದ ಹಿಂದಕ್ಕೆ ನಡೆದು 80ರ ದಶಕ ಹುಡುಕಿಕೊಂಡಿದ್ದು. ಬೆಂಗಳೂರಿನಲ್ಲಿ ಮಾತ್ರ ಇದನ್ನು ಕೇಳೋದಷ್ಟೇ ಅಲ್ಲ, ನುಡಿಸೋ ಗುಂಪುಗಳೂ ಇದ್ದವು. ಅಲ್ಲಿಯ ಕ್ರಿಪ್ಟೋಸ್ ಬ್ಯಾಂಡ್ 1998ರಲ್ಲಿ ಶುರುವಾಯ್ತು, 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ಅವರ ಈಚಿನ ಆಲ್ಬಂಗಳು ಹಿಂದಿನವುಗಳಿಗಿಂತ ಇನ್ನೂ ಹಳೇ ಕಾಲದ ಥರ ಕೇಳಿಸುತ್ತವೆ, ಅಪ್ಪಟ 80ರ ದಶಕದ ಹೆವಿ ಮೆಟಲ್. ತಾವು ಯಾವತ್ತೂ ಇಲ್ಲದ ಊರಿಗೆ ವಾಪಸ್ ಹೋಗೋದು ಅಂದರೆ ಇದೇ. ಅವರದ್ದೇ ಒಂದು ಬೇರೆ ವಿಡಿಯೋ ಮಾಡಬೇಕು.

ಸರಿ, 2008. ಹೊಸ ಆಲ್ಬಂ 'ಡೆತ್ ಮ್ಯಾಗ್ನೆಟಿಕ್'. ಬಾಬ್ ರಾಕ್ ಹೋಗಿ ನಿರ್ಮಾಪಕರಾಗಿ ರಿಕ್ ರೂಬಿನ್ ಬಂದರು. 1986ರಲ್ಲಿ ಸ್ಲೇಯರ್‌ನ 'ರೇನ್ ಇನ್ ಬ್ಲಡ್' ನಿರ್ಮಿಸಿದವರು ಅವರೇ. ಅವರು ಬ್ಯಾಂಡಿಗೆ ಕೊಟ್ಟ ಸಲಹೆ ಸರಳ: 'ಮಾಸ್ಟರ್ ಆಫ್ ಪಪೆಟ್ಸ್' ಮಾಡಿದಾಗ ನಿಮ್ಮ ಮನಸ್ಸು ಹೇಗಿತ್ತೋ ಅಲ್ಲಿಗೆ ಹೋಗಿ. 2006ರಲ್ಲಿ ಆ ಆಲ್ಬಂಗೆ 20 ವರ್ಷ ಆದಾಗ ವೇದಿಕೆ ಮೇಲೆ ಅದನ್ನು ಪೂರ್ತಿಯಾಗಿ ನುಡಿಸಿದ್ದರು, ಕೈಗಳಿಗೆ ಹಳೇ ಅಭ್ಯಾಸ ಮರಳಿತ್ತು. 2008ರ ಬೇಸಿಗೆಯಿಂದ ಒಂದು ವೆಬ್‌ಸೈಟ್‌ನಲ್ಲಿ ಸ್ಟುಡಿಯೋದ ತುಣುಕುಗಳನ್ನು ಹಾಕ್ತಾ ಬಂದರು. ನಮ್ಮ ಬಿಇ ಹಾಸ್ಟೆಲ್‌ನಲ್ಲಿ 256 ಕೆಬಿಪಿಎಸ್ ಕನೆಕ್ಷನ್, ಎಂಟು ಜನ ಹಂಚಿಕೊಂಡಿದ್ದು. ಹತ್ತು ಸೆಕೆಂಡಿನ ರಿಫ್ ಲೋಡ್ ಆಗೋಕೆ ಚಹಾ ಕುಡಿದು ಬರಬೇಕು. ಕೇಳಿ, ಅಣ್ಣನಿಗೆ ಫೋನ್ ಮಾಡೋದು: "ಬಂತೋ ಅಣ್ಣ, ಹಳೇದೇ ಬಂತು!"

ಸೆಪ್ಟೆಂಬರ್ 12ರಂದು ಬಿಡುಗಡೆ. ನಿಜಕ್ಕೂ ವಾಪಸ್ ಬಂದಿದ್ದರು. ಹತ್ತು ಹಾಡು, 74 ನಿಮಿಷ. ಸೋಲೋಗಳು ವಾಪಸ್. 'ದ ಡೇ ದಟ್ ನೆವರ್ ಕಮ್ಸ್' ಥೇಟ್ 'ಫೇಡ್ ಟು ಬ್ಲ್ಯಾಕ್' ಕಟ್ಟಡದ ಮೇಲೇ ಎದ್ದ ಹಾಡು, ನಿಧಾನ ಶುರು, ವೇಗದ ಕೊನೆ. 1988ರ ನಂತರ ಅವರ ಆಲ್ಬಂನಲ್ಲಿ ಮಾತಿಲ್ಲದ ವಾದ್ಯದ ಹಾಡು ಇರಲಿಲ್ಲ, ಇದರಲ್ಲಿ ಅದೂ ಇತ್ತು.

ಆದರೆ ಎರಡನೇ ಸಲ ಕೇಳುವಾಗಲೇ ತಲೆನೋವು. ನಿಜವಾದ ತಲೆನೋವು ಹೇಳ್ತಿದ್ದೀನಿ.

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್, ಸಹಿಸಿಕೊಳ್ಳಿ. ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ ಧ್ವನಿಯ ಎತ್ತರ ಅಳೆದು ಒಂದು ಸಂಖ್ಯೆಯಾಗಿ ಬರೆದಿರ್ತಾರೆ. ಆ ಸಂಖ್ಯೆ ಮೈನಸ್ 32,768ರಿಂದ 32,767ರ ಒಳಗೇ ಇರಬೇಕು. ಅದಕ್ಕಿಂತ ಮೇಲೆ ಜಾಗವೇ ಇಲ್ಲ. ಛತ್ತು ಇದ್ದ ಹಾಗೆ. ಡ್ರಮ್ ಹೊಡೆತ ಒಂದು ಕ್ಷಣಕ್ಕೆ ಛತ್ತು ಮುಟ್ಟಬೇಕು, ಉಳಿದದ್ದು ಕೆಳಗಿರಬೇಕು. ಆಗಲೇ ಹೊಡೆತ ಹೊಡೆತದ ಹಾಗೆ ಕೇಳೋದು. ಆದರೆ 90ರ ದಶಕದಿಂದ ಕಂಪನಿಗಳಿಗೆ ಒಂದು ಹುಚ್ಚು, ನಮ್ಮ ಸಿಡಿ ಪಕ್ಕದವನ ಸಿಡಿಗಿಂತ ಜೋರಾಗಿ ಕೇಳಬೇಕು. ಹಾಗಾಗಿ ಎಲ್ಲವನ್ನೂ ಛತ್ತಿಗೆ ತಳ್ಳೋದು. ತಳ್ಳಿದಾಗ ಡ್ರಮ್ಮಿನ ಶಿಖರಗಳು ಛತ್ತಿಗೆ ಬಡಿದು ಚಪ್ಪಟೆಯಾಗ್ತವೆ, ಅದನ್ನೇ ಕ್ಲಿಪ್ಪಿಂಗ್ ಅನ್ನೋದು. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿಲ್ಲದ ಸ್ವರಗಳು ಹುಟ್ಟಿಕೊಳ್ತವೆ, ಕಿವಿಗೆ ಚರಚರ ಅನ್ನುತ್ತೆ.

ಒಂದು ನಿಮಿಷ, ಮೆಟಲ್ ಗಿಟಾರಿನ ಸದ್ದೇ ಕ್ಲಿಪ್ಪಿಂಗ್ ಅಲ್ವಾ ಅಂತ ಕೇಳ್ತೀರ. ಹೌದು! ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ತಳ್ಳಿದಾಗ ಬರೋದೇ ಆ ಗುರುಗುಟ್ಟುವಿಕೆ. ಆದರೆ ಅದು ಒಂದು ವಾದ್ಯದ್ದು, ನುಡಿಸುವವನು ಆರಿಸಿಕೊಂಡದ್ದು. ಇಲ್ಲಿ ಇಡೀ ಮೇಳವನ್ನೇ ಒಟ್ಟಿಗೆ ಚಪ್ಪಟೆ ಮಾಡಿದ್ದರು. ಸಾರಿಗೆ ಖಾರ ಹಾಕೋದು ಬೇರೆ, ಅನ್ನ, ಮಜ್ಜಿಗೆ, ಹೋಳಿಗೆಗೂ ಖಾರ ಸುರಿಯೋದು ಬೇರೆ.

ಇದು ಬರೀ ಗೊಣಗಾಟ ಆಗಿರ್ತಿತ್ತು, ಆದರೆ ಒಂದು ಸಾಕ್ಷಿ ಸಿಕ್ಕಿಬಿಡ್ತು. ಅದೇ ಸಮಯಕ್ಕೆ 'ಗಿಟಾರ್ ಹೀರೋ' ಅನ್ನೋ ವಿಡಿಯೋ ಗೇಮ್‌ನಲ್ಲಿ ಇಡೀ ಆಲ್ಬಂ ಬಂತು. ಆಡುವವನು ತಪ್ಪಿದರೆ ಗಿಟಾರ್ ಮಾತ್ರ ನಿಲ್ಲಬೇಕು, ಹಾಗಾಗಿ ಗೇಮ್‌ಗೆ ಗಿಟಾರ್, ಬೇಸ್, ಡ್ರಮ್ಸ್ ಎಲ್ಲ ಬೇರೆ ಬೇರೆ ಟ್ರ್ಯಾಕ್ ಬೇಕು. ಅವು ಕೊನೆಯ ಚಪ್ಪಟೆ ಮಾಡೋ ಹಂತಕ್ಕೆ ಮುಂಚಿನವು. ಜನ ಗೇಮ್‌ನಿಂದ ಆಡಿಯೋ ತೆಗೆದು ಸಿಡಿ ಪಕ್ಕ ಇಟ್ಟು ನೋಡಿದರು. ಗೇಮ್‌ನ ಗ್ರಾಫಲ್ಲಿ ಬೆಟ್ಟ, ಕಣಿವೆ. ಸಿಡಿಯ ಗ್ರಾಫ್ ಇಟ್ಟಿಗೆ ಗೋಡೆ. ಆಟದ ಸಾಮಾನಿನ ಸೌಂಡ್ ಸಿಡಿಗಿಂತ ಚೆನ್ನಾಗಿದೆ ಅಂತ ಪತ್ರಿಕೆಗಳಲ್ಲಿ ಬಂತು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸೆನ್, ತಮ್ಮ ಕೈಗೆ ಬರೋ ಹೊತ್ತಿಗೇ ಮಿಕ್ಸ್ ಹಾಗಾಗಿತ್ತು ಅಂದರು. ಮತ್ತೆ ಮಿಕ್ಸ್ ಮಾಡಿ ಕೊಡಿ ಅಂತ ಹತ್ತು ಸಾವಿರಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. ಲಾರ್ಸ್ ಮಾತ್ರ ತಮಗೆ ಅದರಲ್ಲಿ ಏನೂ ತಪ್ಪು ಕಾಣಲ್ಲ ಅಂದರು.

ಆ ಅರ್ಜಿಯಲ್ಲಿ ನನ್ನ ಹೆಸರೂ ಇದೆ. 2010ರಲ್ಲಿ ಎಂಟೆಕ್‌ಗೆ ಸಿಗ್ನಲ್ ಪ್ರೊಸೆಸಿಂಗ್ ತಗೊಂಡಿದ್ದಕ್ಕೆ ಇದೂ ಒಂದು ಕಾರಣ ಅಂದರೆ ನಗಬೇಡಿ.

ಎಂಟೆಕ್ ಬೆಂಗಳೂರಿನಲ್ಲೇ. 2011ರ ಅಕ್ಟೋಬರ್ 30, ಅರಮನೆ ಮೈದಾನ, ಮೆಟಾಲಿಕಾ. ಐರನ್ ಮೇಡನ್ 2007ರ ಮಾರ್ಚ್ 17ರಂದು ಅಲ್ಲೇ ನುಡಿಸಿದ್ದರು, ನನಗೆ ಹೋಗೋಕೆ ಆಗಿರಲಿಲ್ಲ. ಹಾಗಾಗಿ ಇದನ್ನು ಬಿಡೋ ಪ್ರಶ್ನೆಯೇ ಇರಲಿಲ್ಲ. ಎರಡು ದಿನ ಮುಂಚೆ, 28ರಂದು ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಕಾರ್ಯಕ್ರಮ ಸುರಕ್ಷತೆಯ ಕಾರಣಕ್ಕೆ ರದ್ದಾಯ್ತು. ಜನ ಸಿಟ್ಟಿಗೆದ್ದು ವೇದಿಕೆಯನ್ನೇ ಮುರಿದರು. ಆ ರಾತ್ರಿ ಅಣ್ಣ ಉಪ್ಪಲ್‌ನಿಂದ ನಾಲ್ಕು ಸಲ ಫೋನ್ ಮಾಡಿದ: "ಬೆಂಗಳೂರಾಗ ಆಗ್ತದಿಲ್ಲೋ?" ಅವನಿಗೆ ಎರಡು ದಿನ ರಜೆ ಸಿಕ್ಕಿದ್ದೇ ದೊಡ್ಡದು.

ಆಯ್ತು. ಮಳೆ, ಮೊಣಕಾಲಿನವರೆಗೆ ಕೆಸರು, ನನ್ನ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಕನ್ಸರ್ಟ್‌ಗೆ ಚಪ್ಪಲಿ ಹಾಕಿಕೊಂಡು ಹೋದವನಿಗೆ ಅದೇ ಆಗಬೇಕಿತ್ತು ಬಿಡಿ. 1984ರ, 86ರ ಹಾಡುಗಳು ಬಂದಾಗ ಇಡೀ ಮೈದಾನ ಅವರಿಗಿಂತ ಜೋರಾಗಿ ಹಾಡಿತು. ಮುಂದಿದ್ದವರಲ್ಲಿ ಹೆಚ್ಚಿನವರು ನನ್ನ ವಯಸ್ಸಿನವರು, ಆ ಆಲ್ಬಂ ಬಂದಾಗ ಹುಟ್ಟದೇ ಇದ್ದವರು. ಮಾರನೇ ದಿನ, ಅಕ್ಟೋಬರ್ 31ಕ್ಕೆ, ಲೂ ರೀಡ್ ಜೊತೆ ಅವರು ಮಾಡಿದ 'ಲುಲು' ಬಿಡುಗಡೆಯಾಯ್ತು. ಅವರ ಅತಿ ವಿಚಿತ್ರ ಆಲ್ಬಂ, ಹಳೇ ಸೌಂಡ್‌ನಿಂದ ಅತಿ ದೂರದ್ದು. ನಮ್ಮ ಮುಂದೆ 25 ವರ್ಷ ಹಳೇ ಹಾಡು ನುಡಿಸ್ತಾ ನಿಂತಿದ್ದಾಗ ಅವರ ತಲೆ ಎಲ್ಲಿತ್ತು ಅಂತ ಇದರಿಂದ ಗೊತ್ತಾಗುತ್ತೆ.

ಕನ್ಸರ್ಟ್ ಮುಗಿಸಿ ನನ್ನ ರೂಮಿಗೆ ಬಂದು ಬಟ್ಟೆ ಹಿಂಡಿ ಒಣಹಾಕಿದ ಮೇಲೆ, ಲ್ಯಾಪ್‌ಟಾಪ್ ತೆಗೆದು ಅಣ್ಣನಿಗೆ ನನ್ನ ಪಾಠ ಶುರು ಮಾಡಿದೆ. ಇದು ಸಿಡಿ, ಇದು ಗೇಮ್. ಗ್ರಾಫ್ ತೋರಿಸಿದೆ. ಹೆಡ್‌ಫೋನ್ ಕೊಟ್ಟು ಎರಡೂ ಕೇಳಿಸಿದೆ. ಅವನು ಗೇಮ್‌ನದ್ದು ಅರ್ಧ ನಿಮಿಷ ಕೇಳಿ ತೆಗೆದ. ಸಿಡಿಯದ್ದು ಪೂರ್ತಿ ಕೇಳಿದ.

"ತಮ್ಮ, ನಿನ್ನ ಗ್ರಾಫ್ ಇರ್ಲಿ. ನಂಗ ಇದ್ರಾಗ ಎಲ್ಲಾ ಕೇಳ್ತದ. ಅದ್ರಾಗ ಅರ್ಧ ಕೇಳಂಗಿಲ್ಲ."

ನಾನು ವಾದ ಮಾಡಿದೆ. ನಿನಗೆ ಜೋರು ಇದ್ದದ್ದೇ ಚಂದ ಅನ್ನಿಸ್ತದ, ಎಲ್ಲರಿಗೂ ಹಂಗೇ, ಅದಕ್ಕೇ ಕಂಪನಿಗಳು ಹಿಂಗ ಮಾಡ್ತಾರ ಅಂತೆಲ್ಲ. ಎರಡೂ ಒಂದೇ ಮಟ್ಟಕ್ಕೆ ತಂದು ಮತ್ತೆ ಕೇಳಿಸಿದೆ. ಅವನು ಅದೇ ಮಾತು ಹೇಳಿದ. ಆಗ ನನಗೆ ಸಿಟ್ಟು ಬಂತು, ಕಲಿಸಿದವನೇ ಹಿಂಗ ಅಂದರೆ ಹೇಗೆ ಅಂತ.

ಮುಂದಿನ ವರ್ಷ ಕೆಲಸದ ಕಡೆಯಿಂದ ಅವನ ಕಿವಿ ಪರೀಕ್ಷೆ ಆಯ್ತು. ಪ್ರೆಸ್ ಶಾಪ್‌ನಲ್ಲಿ ಹತ್ತು ವರ್ಷ, ಕಿವಿಗೆ ಹತ್ತಿ ಬಿಟ್ಟರೆ ಏನೂ ಇಲ್ಲದೆ. ಆಡಿಯೋಗ್ರಾಮ್‌ನಲ್ಲಿ 4,000 ಹರ್ಟ್ಸ್ ಹತ್ತಿರ ಗೆರೆ ಹಳ್ಳಕ್ಕೆ ಬಿದ್ದಿತ್ತು, ಎರಡೂ ಕಿವಿಯಲ್ಲಿ. ಸದ್ದಿನಿಂದ ಕಿವಿ ಹೋದರೆ ಮೊದಲು ಪೆಟ್ಟು ಬೀಳೋದು ಆ ಜಾಗಕ್ಕೇ. ಗಿಟಾರಿನ ಕಚ್ಚು, ಸ್ನೇರಿನ ಚಟ್ ಅನ್ನೋದು ಇರೋದು ಆ ಸುತ್ತಲೇ. ಮೆಲ್ಲಗಿದ್ದದ್ದು ಅವನಿಗೆ ಮುಟ್ಟೋದೇ ಇಲ್ಲ. ಎಲ್ಲವನ್ನೂ ಛತ್ತಿಗೆ ತಳ್ಳಿದ ಆ ಸಿಡಿಯಲ್ಲಿ ಮಾತ್ರ ಮೆಲ್ಲಗಿನದೂ ಅವನ ಮಟ್ಟಕ್ಕೆ ಎದ್ದು ಬಂದಿತ್ತು. ಲಾರ್ಸ್ ಉಲ್ರಿಕ್ ತಮಗೂ ಕಿವಿಯಲ್ಲಿ ಸದಾ ಗುಂಯ್ ಅನ್ನೋ ಸದ್ದು ಇದೆ, ಟಿನಿಟಸ್, ಅಂತ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆ ಮಿಕ್ಸ್‌ಗೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಆದರೆ ಅವರು 'ತಪ್ಪು ಕಾಣಲ್ಲ' ಅಂದದ್ದನ್ನು ಸುಳ್ಳು ಅಂತ ಬೈಯೋದನ್ನು ಅವತ್ತೇ ಬಿಟ್ಟೆ.

ನನ್ನ ಸಮಾಚಾರವೂ ಅಷ್ಟೇನೂ ಘನವಾಗಿಲ್ಲ. ಕೆಲಸಕ್ಕೆ ಸೇರಿ ಒಳ್ಳೆ ಹೆಡ್‌ಫೋನ್ ತಗೊಂಡು 'ಮಾಸ್ಟರ್ ಆಫ್ ಪಪೆಟ್ಸ್'ನ ಅಸಲಿ ಸಿಡಿ ಹಾಕಿದಾಗ ನನಗೆ ನಿರಾಸೆಯೇ ಆಯ್ತು. ಯಾಕಂದ್ರೆ ನನ್ನ ತಲೆಯಲ್ಲಿದ್ದ 'ಹಳೇ ಸೌಂಡ್' 128 ಕೆಬಿಪಿಎಸ್ ಎಂಪಿ3ಯದು. ಆ ಕಾಲದ ಎನ್‌ಕೋಡರ್‌ಗಳು ಸುಮಾರು 16,000 ಹರ್ಟ್ಸ್ ಮೇಲಿನದನ್ನು ಕತ್ತರಿಸಿ ಬಿಸಾಡ್ತಿದ್ದವು, ಸಿಂಬಲ್ ಬಾರಿಸಿದರೆ ನಲ್ಲಿ ನೀರು ಸೋರಿದ ಹಾಗೆ ಕೇಳ್ತಿತ್ತು. ನನಗೆ ಆ ನೀರಿನ ಸದ್ದೇ 1986. ಐದನೇ ಕೈ ಕ್ಯಾಸೆಟ್‌ನಲ್ಲಿ ಆ ಡೆಮೊ ಕೇಳಿದ ಕ್ಯಾಲಿಫೋರ್ನಿಯಾದ ಹುಡುಗನಿಗೆ ಹಿಸ್ಸೇ 1982 ಆಗಿದ್ದಿರಬೇಕು. ಬ್ಯಾಂಡ್ ತನ್ನ ಹಳೇ ರಿಫ್‌ಗೆ ವಾಪಸ್ ಹೋಗಬಹುದು, ಒಳ್ಳೆ ಎಂಜಿನಿಯರ್ ಹಳೇ ಮಿಕ್ಸ್‌ಗೂ ಹೋಗಬಹುದು. ಕೋಠಿಯ ಆ ಸಿಡಿಗೆ ರಿಕ್ ರೂಬಿನ್ ಹೇಗೆ ಹೋಗ್ತಾರೆ?

ಅದೇ ರೂಬಿನ್ 2013ರಲ್ಲಿ ಬ್ಲ್ಯಾಕ್ ಸಬ್ಬತ್‌ನ '13' ಆಲ್ಬಂ ನಿರ್ಮಿಸಿದಾಗಲೂ ಇದೇ ನಡೆಯಿತು. 1970ರ ಮೊದಲ ಆಲ್ಬಂ ಅವರಿಗೇ ಕೇಳಿಸಿ, ಹೀಗೆ ಮಾಡಿ ಅಂದರು. ಅದು ಕೂಡ ಸಿಡಿಯಲ್ಲಿ ಗೋಡೆಯಂತೆ ಬಂತು ಅಂತ ಅಭಿಮಾನಿಗಳು ಮತ್ತೆ ಗೊಣಗಿದರು. ಮೆಟಾಲಿಕಾ 2016ರಲ್ಲಿ 'ಹಾರ್ಡ್‌ವೈರ್ಡ್', 2023ರ ಏಪ್ರಿಲ್‌ನಲ್ಲಿ '72 ಸೀಸನ್ಸ್' ತಂದಾಗಲೂ ಅದೇ ನಿರೀಕ್ಷೆ, ಅದೇ ವಾದ. '72 ಸೀಸನ್ಸ್' ಬಂದ ದಿನ ನಾನು ಉಪ್ಪಲ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ ಆಫೀಸಿಗೆ ಹೋಗೋವರೆಗೆ ಕೇಳಿದೆ. ಇಳಿದು ಅಣ್ಣನಿಗೆ ಫೋನ್ ಮಾಡಿದೆ. ಈಗ ಅವನು ಹಿಯರಿಂಗ್ ಏಡ್ ಹಾಕ್ತಾನೆ, ಫೋನಿನ ಹಾಡು ನೇರ ಅದಕ್ಕೇ ಹೋಗುತ್ತೆ.

"ಹ್ಯಾಂಗದ ಅಣ್ಣ?"

"ಇನ್ನ ಎರಡನೇ ಹಾಡಿನ್ಯಾಗ ಇದ್ದೀನಿ. ಹಳೇದ್ರಂಗ ಅದ ಅನ್ನಿಸ್ತದ. ನೀ ಸುಮ್ನಿರು, ಗ್ರಾಫ್ ಕಳಸಬ್ಯಾಡ."

ಮುಂದಿನ ವಿಡಿಯೋ ಕ್ರಿಪ್ಟೋಸ್ ಮತ್ತು ಬೆಂಗಳೂರಿನ ಮೆಟಲ್ ಬಗ್ಗೆ. ನಿಮ್ಮಲ್ಲಿ ಯಾರಾದರೂ 80ರ, 90ರ ದಶಕದಲ್ಲಿ ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದ್ ಕಡೆ ಅಂಗಡಿಯಲ್ಲಿ ಹಾಡಿನ ಪಟ್ಟಿ ಕೊಟ್ಟು ಕ್ಯಾಸೆಟ್ ತುಂಬಿಸಿಕೊಂಡಿದ್ದರೆ, ಯಾವ ಹಾಡು, ಎಷ್ಟು ದುಡ್ಡು, ಎಷ್ಟು ದಿನ ಕಾಯಬೇಕಿತ್ತು ಅಂತ ಬರೆದು ಕಳಿಸಿ. ಕ್ಯಾಸೆಟ್ ಇನ್ನೂ ಇದ್ದರೆ ಎಸೀಬೇಡಿ, ಫಂಗಸ್ ಬಂದಿದ್ದರೂ ಪರವಾಗಿಲ್ಲ. ಹಿಸ್ ಸಮೇತ ಡಿಜಿಟೈಸ್ ಮಾಡಿಕೊಡ್ತೀನಿ.